ಅಟ್ಟದ ಮೇಲಿನ ಪ್ಲೇಟಿಗೆ ಏನು ಬೆಲೆ?

ಹಳೆಯದಕ್ಕೆಲ್ಲ ಬೆಲೆ ಇದೆ ಎನ್ನುವವರದು ಒಂದು ಪಂಗಡ. ಹಳೆಯದೆಲ್ಲ ಕಸ ಎನ್ನುವವರದು ಇನ್ನೊಂದು. ಗ್ರಾಮಫೋನ್ ರೆಕಾರ್ಡುಗಳ ಮಟ್ಟಿಗೆ ಈ ಎರಡೂ ಪಂಗಡಗಳು ಸಾಮಾನ್ಯವಾಗಿ ಒಂದೇ ಮನೆಯಲ್ಲಿ ವಾಸವಾಗಿರುತ್ತವೆ. ಅಪ್ಪನಿಗೆ ಸುಣ್ಣಬಣ್ಣ ಮಾಡಿಸುವ ಮೊದಲು ಅಟ್ಟ ಖಾಲಿಯಾದರೆ ಸಾಕು. ಮಗನಿಗೆ ಅದೇ ಅಟ್ಟದ ಮೇಲೆ ಲಕ್ಷ ರೂಪಾಯಿ ಕೂತಿದೆ ಎಂದು ಫೋನಿನಲ್ಲಿ ಯಾರೋ ಹೇಳಿದ್ದಾರೆ. ಅಪ್ಪನ ಮಾತು ನಡೆದರೆ ಅಜ್ಜನ ಕಾಲದ ಪೆಟ್ಟಿಗೆ ಗುಜರಿಯವನ ತಕ್ಕಡಿಗೆ ಹೋಗುತ್ತದೆ. ಮಗನ ಮಾತು ನಡೆದರೆ ದೊಡ್ಡ ಗಿರಾಕಿಗೆ ಕಾಯುತ್ತ ಇನ್ನೂ ಹತ್ತು ವರ್ಷ ಹಂಚಿನ ಬಿಸಿಗೆ ಬೆಂದು ಸೊಟ್ಟಗಾಗುತ್ತದೆ. ಎರಡೂ ನಷ್ಟವೇ. ಈ ವಾರದ ಅಂಕಣ ಈ ಅಪ್ಪ-ಮಗನ ವ್ಯಾಜ್ಯಕ್ಕೆ ಮೀಸಲು.

ಸತ್ತುಹೋಯಿತೆಂದು ಎಲ್ಲರೂ ಶ್ರಾದ್ಧ ಮಾಡಿ ಮುಗಿಸಿದ್ದ ಸರಕು ಇದು. 1980ರ ದಶಕದಲ್ಲಿ ಕ್ಯಾಸೆಟ್ಟು ಬಂದು ರೆಕಾರ್ಡನ್ನು ಮೂಲೆಗೆ ತಳ್ಳಿತು, ಕ್ಯಾಸೆಟ್ಟನ್ನು ಸಿ.ಡಿ. ತಳ್ಳಿತು, ಸಿ.ಡಿ.ಯನ್ನು ಫೋನು ನುಂಗಿತು. ಅಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ 2022ರಲ್ಲಿ ಅಮೆರಿಕದಲ್ಲಿ ಸುಮಾರು 4 ಕೋಟಿ 10 ಲಕ್ಷ ಹೊಸ ರೆಕಾರ್ಡುಗಳು ಮಾರಾಟವಾದವು, ಸಿ.ಡಿ.ಗಳು ಸುಮಾರು 3 ಕೋಟಿ 30 ಲಕ್ಷ. ಸಂಖ್ಯೆಯಲ್ಲಿ ರೆಕಾರ್ಡು ಸಿ.ಡಿ.ಯನ್ನು ಹಿಂದೆ ಹಾಕಿದ್ದು 1987ರ ನಂತರ ಅದೇ ಮೊದಲು. ಆ ಗಾಳಿ ನಮ್ಮ ಕಡೆಗೂ ಬೀಸಿದೆ. ಹೊಸದಾಗಿ ಅಚ್ಚಾದ ಒಂದು ಎಲ್‌ಪಿ ಕೊಳ್ಳಲು ಇಲ್ಲಿ ಎರಡು ಮೂರು ಸಾವಿರ ರೂಪಾಯಿ ತೆಗೆದಿಡಬೇಕು. ಹಾಸ್ಟೆಲ್ಲಿನಲ್ಲಿ ಮೆಸ್ ಬಿಲ್ಲು ಕಟ್ಟುವ ಹುಡುಗನಿಗೆ ಅದು ಆಗದ ಮಾತು. ಹಾಗಾಗಿ ಅವನು ಹಳೆಯ ಮಾಲಿನ ಕಡೆಗೆ ಹೊರಳುತ್ತಾನೆ: ಬೆಂಗಳೂರಿನಲ್ಲಾದರೆ ಅವೆನ್ಯೂ ರಸ್ತೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನ ಭಾನುವಾರದ ಸಂತೆ. ಮುಂಬಯಿಯಲ್ಲಾದರೆ ಚೋರ್ ಬಜಾರು. ಕಲ್ಕತ್ತೆಯಲ್ಲಾದರೆ ಫ್ರೀ ಸ್ಕೂಲ್ ಸ್ಟ್ರೀಟು. ಮದರಾಸಿನ ಮೂರ್ ಮಾರ್ಕೆಟ್ಟು ಇಂಥ ವ್ಯಾಪಾರಕ್ಕೆ ಹೆಸರಾಗಿತ್ತು. 1985ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು.

ಕೊಳ್ಳುವ ಮೊದಲು ಕೈಯಲ್ಲಿರುವುದು ಯಾವ ಜಾತಿ ಎಂಬುದು ಗೊತ್ತಿರಬೇಕು. ನಮ್ಮ ಹಿರಿಯರು ‘ಪ್ಲೇಟು’ ಎಂದು ಕರೆಯುತ್ತಿದ್ದದ್ದು ನಿಮಿಷಕ್ಕೆ 78 ಸುತ್ತು ತಿರುಗುವ, ಕಲ್ಲಿನಂತೆ ಭಾರವಾದ, ಬಿದ್ದರೆ ಗಾಜಿನಂತೆ ಒಡೆಯುವ ತಟ್ಟೆ. ಅದು ಪ್ಲಾಸ್ಟಿಕ್ ಅಲ್ಲ. ಕಲ್ಲಿನ ಪುಡಿಯನ್ನು ಅರಗಿನಿಂದ ಬೆಸೆದು ಒತ್ತಿದ್ದು. ಪಾಂಡವರ ಮನೆ ಕಟ್ಟಿದ್ದೂ, ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡಿಸುವುದೂ ಇದೇ ಅರಗಿನಿಂದಲೇ. ಜಗತ್ತಿನ ರೆಕಾರ್ಡು ಕಂಪೆನಿಗಳಿಗೆ ಈ ಅರಗು ಬಹುಪಾಲು ಹೋಗುತ್ತಿದ್ದದ್ದು ನಮ್ಮ ದೇಶದಿಂದ. ಹತ್ತಿಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಮೂರು ನಿಮಿಷ, ತಪ್ಪಿದರೆ ಮೂರೂಕಾಲು. ಗಂಟೆಗಟ್ಟಲೆ ಹಾಡುವ ವಿದ್ವಾಂಸರು ಆ ಮೂರು ನಿಮಿಷದಲ್ಲಿ ರಾಗವನ್ನು ಕಟ್ಟಿ, ಏರಿಸಿ, ಇಳಿಸಿ ಮುಗಿಸಬೇಕಿತ್ತು. ವಿನೈಲ್ ಎಂಬ ಪ್ಲಾಸ್ಟಿಕ್ಕಿನ ತಟ್ಟೆಗಳು ಬಂದದ್ದು ಆಮೇಲೆ: 1948ರಲ್ಲಿ ಅಮೆರಿಕದ ಕೊಲಂಬಿಯ ಕಂಪೆನಿ ಹೊರತಂದ, ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತಿನ ಎಲ್‌ಪಿ, ಮರುವರ್ಷ ಆರ್‌ಸಿಎ ಕಂಪೆನಿಯ 45 ಸುತ್ತಿನ ಏಳಿಂಚಿನ ತಟ್ಟೆ. ನಮ್ಮ ಸಿನಿಮಾ ಹಾಡುಗಳು, ಮಗ್ಗುಲಿಗೆ ಎರಡರಂತೆ ನಾಲ್ಕು ಹಾಡು ಹೊತ್ತು, ಹೆಚ್ಚಾಗಿ ಮನೆಗಳಿಗೆ ಬಂದದ್ದು ಈ ಏಳಿಂಚಿನ ಇಪಿಗಳಲ್ಲಿ. ಟೆಂಟ್ ಸಿನಿಮಾದಲ್ಲಿ ಆಟ ಶುರುವಾಗುವ ಮುನ್ನ ಘಂಟಸಾಲರ ದನಿಯಲ್ಲಿ ತಿರುಪತಿ ತಿಮ್ಮಪ್ಪನನ್ನು ಕೂಗಿ ಊರಿಗೆಲ್ಲ ಸುದ್ದಿ ಮುಟ್ಟಿಸುತ್ತಿದ್ದದ್ದೂ ಇಂಥ ರೆಕಾರ್ಡುಗಳೇ.

ಇನ್ನು ಬೆಲೆಯ ಮಾತು. ಇಲ್ಲಿಯೇ ಎಲ್ಲರೂ ಎಡವುವುದು. ರೆಕಾರ್ಡಿನ ವಯಸ್ಸಿಗೂ ಬೆಲೆಗೂ ನೇರ ಸಂಬಂಧ ಇಲ್ಲ. ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತದ ಎಲ್‌ಪಿ ಬಂದದ್ದು 1963ರಲ್ಲಿ. ಅರವತ್ತು ವರ್ಷ ದಾಟಿದ ರೆಕಾರ್ಡು, ಹಾಡಿದವರೋ ಭಾರತರತ್ನ. ಆದರೂ ಹಳೆಯ ಮಾಲಿನ ಅಂಗಡಿಯಲ್ಲಿ ಅದಕ್ಕೆ ದೊಡ್ಡ ಬೆಲೆ ಹುಟ್ಟುವುದಿಲ್ಲ. ರೆಕಾರ್ಡ್ ಪ್ಲೇಯರ್ ಇದ್ದ ದಕ್ಷಿಣ ಭಾರತದ ಮನೆಯಲ್ಲಿ ಮೊದಲು ಸಿಗುವ ತಟ್ಟೆ ಬಹುಶಃ ಅದೇ. ಎಲ್ಲರ ಮನೆಯಲ್ಲೂ ಇರುವುದನ್ನು ಯಾರು ದುಡ್ಡು ಕೊಟ್ಟು ಕೊಳ್ಳುತ್ತಾರೆ? ಬಹಳ ಮಾರಾಟವಾದ ರೆಕಾರ್ಡು ಬಹಳ ಉಳಿದಿರುತ್ತದೆ. ಬಹಳ ಉಳಿದದ್ದು ಅಗ್ಗ.

ಇದಕ್ಕೆ ವಿರುದ್ಧವಾದ ಉದಾಹರಣೆಯೊಂದಿದೆ. ಚರಣ್‌ಜಿತ್ ಸಿಂಗ್ ಎಂಬುವರು ಮುಂಬಯಿ ಚಿತ್ರರಂಗದ ವಾದ್ಯಗಾರರು. 1982ರಲ್ಲಿ ಅವರು, ಆಗಷ್ಟೇ ಬಂದಿದ್ದ ಜಪಾನಿ ಸಿಂಥಸೈಜರ್ ಮತ್ತು ತಾಳಯಂತ್ರಗಳನ್ನು ಜೋಡಿಸಿಕೊಂಡು, ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿ ಒಂದು ಎಲ್‌ಪಿ ಮಾಡಿದರು. ಎಚ್‌ಎಂವಿ ಹೊರತಂದ ಆ ರೆಕಾರ್ಡನ್ನು ಆಗ ಕೇಳಿದವರು ಕಡಿಮೆ. 2002ರಲ್ಲಿ ದೆಹಲಿಯ ಹಳೆಯ ಅಂಗಡಿಯೊಂದರಲ್ಲಿ ನೆದರ್ಲೆಂಡ್ಸಿನ ಸಂಗ್ರಾಹಕನೊಬ್ಬನ ಕೈಗೆ ಅದು ಸಿಕ್ಕಿತು. ಕೇಳಿ ನೋಡಿದರೆ, ಕೆಲವು ವರ್ಷಗಳ ನಂತರ ಅಮೆರಿಕ, ಯೂರೋಪುಗಳಲ್ಲಿ ಹೊಸತೆಂದು ಹೆಸರಾದ ಕುಣಿತದ ಸಂಗೀತವನ್ನು ಈತ ಮುಂಬಯಿಯಲ್ಲಿ ಮೊದಲೇ ನುಡಿಸಿ ಕೂತಿದ್ದ! 2010ರಲ್ಲಿ ಅದು ಮರುಮುದ್ರಣವಾಯಿತು. ಎಪ್ಪತ್ತರ ಹರೆಯದಲ್ಲಿ ಚರಣ್‌ಜಿತ್ ಸಿಂಗ್ ವಿದೇಶಗಳಲ್ಲಿ ಹೋಗಿ ನುಡಿಸಿ ಬಂದರು. 2015ರಲ್ಲಿ ತೀರಿಕೊಂಡರು. ಮೊದಲ ಮುದ್ರಣದ ತಟ್ಟೆಗೆ ಸಂಗ್ರಾಹಕರು ಇಂದು ದೊಡ್ಡ ಮೊತ್ತ ಕೊಡುತ್ತಾರೆ. ಕಾರಣ ಇಷ್ಟೇ: ಆಗ ಮಾರಾಟವಾಗಲಿಲ್ಲ, ಹಾಗಾಗಿ ಉಳಿದದ್ದು ಕೆಲವೇ, ಈಗ ಬೇಕೆನ್ನುವವರು ಹಲವರು.

ಈ ಎರಡೂ ಒಟ್ಟಿಗೆ ಇರಬೇಕು ಎಂಬುದನ್ನು ಅರ್ಥಶಾಸ್ತ್ರ ಓದುವ ಪಿಯುಸಿ ಮಕ್ಕಳಿಗೆ ಹೇಳಬೇಕಾಗಿಲ್ಲ. ಅಪರೂಪವಾಗಿದ್ದರೂ ಯಾರಿಗೂ ಬೇಡವಾದರೆ ಬೆಲೆ ಸೊನ್ನೆ. ಯಾವುದು ಯಾರಿಗೆ ಏಕೆ ಬೇಕಾಗುತ್ತದೆ ಎಂಬುದು ಮಾತ್ರ ಕೆಲವೊಮ್ಮೆ ವಿಚಿತ್ರ. ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡುಗಳು ಅವರ ಸ್ವಂತ ದೇಶದಲ್ಲಿ ಬಂದದ್ದು ವಿನೈಲ್ ತಟ್ಟೆಗಳಲ್ಲಿ. ಭಾರತದಲ್ಲಿ ಮಾತ್ರ 1960ರ ದಶಕದಲ್ಲೂ ಅವು 78 ಸುತ್ತಿನ ಅರಗಿನ ಪ್ಲೇಟುಗಳಾಗಿ ಅಚ್ಚಾದವು. ನಮ್ಮಲ್ಲಿ ಆಗಿನ್ನೂ ಎಷ್ಟೋ ಊರಿಗೆ ಕರೆಂಟು ಬಂದಿರಲಿಲ್ಲ. ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನಿಗೆ 78ರ ಪ್ಲೇಟೇ ಬೇಕಿತ್ತು. ನಮ್ಮ ಬಡತನದ ಆ ಗುರುತನ್ನು ಈಗ ಪರದೇಶದವರು ಚಿನ್ನದ ಹಾಗೆ ಹುಡುಕುತ್ತಾರೆ.

ಅಪರೂಪದ್ದೇ ಆದರೂ ಕೆಟ್ಟ ಸ್ಥಿತಿಯಲ್ಲಿದ್ದರೆ ಬೆಲೆ ಹತ್ತನೇ ಒಂದು ಭಾಗಕ್ಕೂ ಇಳಿಯಬಹುದು. ಫುಟ್‌ಪಾತಿನಲ್ಲಿ ಹಾಸಿದ ಗೋಣಿತಾಟಿನ ಮುಂದೆ ನಿಂತಾಗ ನಡೆಯುವ ಸಂಭಾಷಣೆ ಹೆಚ್ಚುಕಡಿಮೆ ಹೀಗೆ:

“ಇದು ಚೆನ್ನಾಗಿ ಹಾಡುತ್ತಾ?”

“ಹಾಡುತ್ತೆ ಸಾರ್, ಕಂಪ್ನಿ ಮಾಲು.”

“ಹಾಕಿ ತೋರಿಸ್ತೀರಾ?”

“ಮಿಷನ್ ಇಲ್ಲ ಸಾರ್, ತಗೊಂಡೋಗಿ. ಗ್ಯಾರಂಟಿ.”

ಮುಂದಿನ ಭಾನುವಾರ ಆ ಗ್ಯಾರಂಟಿಯೂ ಗೋಣಿತಾಟೂ ಎಲ್ಲಿರುತ್ತವೋ ಬಲ್ಲವರಿಲ್ಲ. ಹಾಗಾಗಿ ಕಿವಿಯ ಕೆಲಸವನ್ನು ಕಣ್ಣಿನಿಂದ ಮಾಡಿಸಿಕೊಳ್ಳಬೇಕು. ಮೊದಲು ಹೊದಿಕೆಯ ಒಳಗಿನಿಂದ ತಟ್ಟೆಯನ್ನು ಹೊರಗೆ ತೆಗೆಯಿರಿ. ಹೊದಿಕೆಯ ಮೇಲಿನ ಹೆಸರೂ ತಟ್ಟೆಯ ನಡುವಿನ ಚೀಟಿಯ ಹೆಸರೂ ಒಂದೇ ಎಂದು ನೋಡಿ. ಒಳ್ಳೆಯ ಹೊದಿಕೆಯಲ್ಲಿ ಬೇರೆ ತಟ್ಟೆ ಕೂತಿರುವುದು ಮೋಸದಿಂದಲೇ ಆಗಬೇಕೆಂದಿಲ್ಲ, ಮನೆಯ ಮಕ್ಕಳ ಕೈವಾಡವೂ ಆಗಿರಬಹುದು. ದುಡ್ಡು ಹೋಗುವುದು ನಿಮ್ಮದು. ಬೆರಳು ತಟ್ಟೆಯ ಅಂಚಿಗೂ ನಡುವಿನ ಚೀಟಿಗೂ ಮಾತ್ರ ತಾಗುವಂತೆ ಹಿಡಿದು, ಬಿಸಿಲಿಗೆ ಓರೆಯಾಗಿ ತಿರುಗಿಸಿ. ಕೂದಲೆಳೆಯಂಥ ಗೀರುಗಳು ಕಾಣುತ್ತವೆ. ಅವುಗಳಲ್ಲಿ ಹಲವು ಸದ್ದು ಮಾಡುವುದಿಲ್ಲ. ಸಂಶಯ ಬಂದ ಗೀರಿನ ಮೇಲೆ ಉಗುರನ್ನು ಮೆಲ್ಲಗೆ ಅಡ್ಡ ಆಡಿಸಿ. ಉಗುರಿಗೆ ತಡೆಯಾದರೆ ಮುಳ್ಳಿಗೂ ತಡೆಯಾಗುತ್ತದೆ. ಎಲ್‌ಪಿ ಒಂದು ಸುತ್ತು ಬರಲು 1.8 ಸೆಕೆಂಡು ಬೇಕು. ಅಂಥ ಗೀರು ಇದ್ದರೆ ಸರಿಯಾಗಿ 1.8 ಸೆಕೆಂಡಿಗೊಮ್ಮೆ ‘ಟಕ್’ ಎನ್ನುತ್ತದೆ. ಲೆಕ್ಕ ಮಾಡಿ ನೋಡಿ, 60ನ್ನು ಮೂವತ್ತಮೂರೂ ಮೂರನೇ ಒಂದರಿಂದ ಭಾಗಿಸಿದರೆ ಅಷ್ಟೇ ಬರುತ್ತದೆ.

ಗೀರಿಗಿಂತ ಕೆಟ್ಟದ್ದು ಸವೆತ. ಗೀರು ಒಂದೂ ಇಲ್ಲದೆ ತಟ್ಟೆ ಬೂದುಬಣ್ಣಕ್ಕೆ ತಿರುಗಿ ಮಂಕಾಗಿದ್ದರೆ, ಭಾರದ ಮುಳ್ಳು ಅದರ ಗೆರೆಗಳನ್ನು ಉತ್ತುಹಾಕಿದೆ ಎಂದರ್ಥ. ಆ ಹಾಡು ಎಣ್ಣೆಯಲ್ಲಿ ಹಪ್ಪಳ ಕರಿದಂತೆ ಕೇಳಿಸುತ್ತದೆ. ಯಾವ ತೊಳೆಯುವಿಕೆಯಿಂದಲೂ ಸರಿಹೋಗದು. ತದ್ವಿರುದ್ಧವಾಗಿ ಕನ್ನಡಿಯಂತೆ ಹೊಳೆಯುತ್ತಿದ್ದರೂ ಅನುಮಾನಪಡಿ: ಏನನ್ನಾದರೂ ಸವರಿದ್ದಾರೆಯೇ ಎಂದು ಬೆರಳಿಗೆ ಗೊತ್ತಾಗುತ್ತದೆ. ನಡುವಿನ ತೂತಿನ ಸುತ್ತ ಚೀಟಿಯ ಮೇಲೆ ಜೇಡರ ಬಲೆಯಂಥ ಗೆರೆಗಳಿದ್ದರೆ, ತಟ್ಟೆಯನ್ನು ಮೊಳೆಗೆ ಕೂರಿಸಲು ಅನೇಕ ಸಲ ತಡಕಾಡಿದ್ದಾರೆ, ಬಹಳ ಬಾರಿ ನುಡಿಸಿದ್ದಾರೆ. ಕೊನೆಗೆ ಕಣ್ಣಿನ ಮಟ್ಟಕ್ಕೆ ಎತ್ತಿ ಅಂಚನ್ನು ನೋಡಿ. ಅಲೆ ಎದ್ದಿದ್ದರೆ ಬಿಸಿಲು ಕಂಡಿದೆ.

ಮಾರುವವರು ಸ್ಥಿತಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ರೂಢಿ ಇದೆ. ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್, ಗುಡ್. ಇದರಲ್ಲಿ ‘ಗುಡ್’ ಎಂದರೆ ಒಳ್ಳೆಯದು ಎಂದು ತಿಳಿದರೆ ಕೆಟ್ಟಿರಿ. ನಮ್ಮ ಶಾಲೆಗಳ ಪ್ರಗತಿಪತ್ರದಲ್ಲಿ ‘ನಡತೆ ಸಾಧಾರಣ’ ಎಂದು ಬರೆದಾಗ ಹೆತ್ತವರಿಗೆ ಏನು ಅರ್ಥವಾಗುತ್ತದೋ, ಇಲ್ಲಿ ‘ಗುಡ್’ ಎಂದರೆ ಅದೇ. ಕೇಳಲು ಲಾಯಕ್ಕಾದದ್ದು ವೆರಿ ಗುಡ್ಡಿನಿಂದ ಮೇಲೆ ಶುರು. ನಮ್ಮ ಅಂಗಡಿಗಳಲ್ಲಂತೂ ಎಲ್ಲವೂ ಒಂದು ಮೆಟ್ಟಿಲು ಮೇಲೇರಿ ಕೂತಿರುತ್ತವೆ. ನೀವು ಮನಸ್ಸಿನಲ್ಲೇ ಒಂದು ಮೆಟ್ಟಿಲು ಇಳಿಸಿಕೊಳ್ಳಬೇಕು.

ಈಗ ಮಾರುವವರ ಕಡೆಯಿಂದ ನೋಡೋಣ. ಅಟ್ಟದಲ್ಲಿ ನೂರು ಎಲ್‌ಪಿ ಸಿಕ್ಕವು ಎಂದಿಟ್ಟುಕೊಳ್ಳಿ. ಹೊದಿಕೆ ಸಮೇತ ಹೆಚ್ಚುಕಡಿಮೆ ಇಪ್ಪತ್ತು ಕಿಲೋ ತೂಗುತ್ತವೆ. ಗುಜರಿಯವನು ಹಳೆ ಪೇಪರಿನ ದರ ಹಿಡಿದು ಕಿಲೋಗೆ ಹದಿನೈದು ರೂಪಾಯಿ ಹಾಕಿದರೂ ಬರುವುದು ಮುನ್ನೂರು. ಅವನಿಗೂ ಅದು ಬೇಡದ ಮಾಲು, ಕಬ್ಬಿಣದಂತೆ ಕರಗಿಸುವಂತಿಲ್ಲ, ಪೇಪರಿನಂತೆ ಗಿರಣಿಗೆ ಕಳಿಸುವಂತಿಲ್ಲ. ಅದನ್ನೇ ರೆಕಾರ್ಡು ವ್ಯಾಪಾರಿಯ ಬಳಿ ಒಯ್ದರೆ ಅವನು ಒಂದೊಂದನ್ನೂ ಹೊರಗೆ ತೆಗೆದು ನೋಡಿ, ಒಟ್ಟಿಗೆ ಒಂದು ಮೊತ್ತ ಹೇಳುತ್ತಾನೆ. ಅಂಗಡಿಯಲ್ಲಿ ಸಾವಿರಕ್ಕೆ ಮಾರುವ ತಟ್ಟೆಗೆ ನಿಮಗೆ ಮುನ್ನೂರು ಕೊಡುತ್ತಾನೆ, ಹೆಚ್ಚೆಂದರೆ ಐನೂರು. “ಹಗಲುದರೋಡೆ” ಎಂದು ಮಗ ಸಿಟ್ಟಾಗುತ್ತಾನೆ. ನನಗೆ ಹಾಗೆನಿಸುವುದಿಲ್ಲ. ನೂರರಲ್ಲಿ ಎಪ್ಪತ್ತು ತಟ್ಟೆ ವರ್ಷಗಟ್ಟಲೆ ಅವನ ಕಪಾಟಿನಲ್ಲೇ ಇರುತ್ತವೆ. ಹತ್ತು ಯಾವತ್ತೂ ಹೋಗುವುದಿಲ್ಲ. ಅವನು ತೊಳೆಯಬೇಕು, ಹೊದಿಕೆ ಹಾಕಬೇಕು, ಬಾಡಿಗೆ ಕಟ್ಟಬೇಕು, ಆ ಒಬ್ಬ ಗಿರಾಕಿ ಬರುವ ತನಕ ಕಾಯಬೇಕು. ಕಾಯುವುದಕ್ಕೂ ಕೂಲಿ ಇದೆ. ಪೂರ್ತಿ ಬೆಲೆ ಬೇಕಿದ್ದರೆ ಆ ಕಾಯುವ ಕೆಲಸವನ್ನು ನೀವೇ ಮಾಡಬೇಕು; ಅಂದರೆ ಒಂದೊಂದಾಗಿ ಮಾರಬೇಕು, ಫೋಟೊ ತೆಗೆಯಬೇಕು, ಹತ್ತು ಜನರ ಚೌಕಾಸಿಗೆ ಉತ್ತರ ಕೊಡಬೇಕು, ಅಂಚೆಗೆ ಕಟ್ಟಬೇಕು. ಕಟ್ಟುವಾಗ ತಟ್ಟೆಯನ್ನು ಹೊದಿಕೆಯಿಂದ ಹೊರಗೆ ತೆಗೆದು ಅದರ ಬೆನ್ನಿಗೆ ಇಡಿ. ಒಳಗೇ ಬಿಟ್ಟರೆ ದಾರಿಯ ಕುಲುಕಾಟಕ್ಕೆ ತಟ್ಟೆಯ ಅಂಚು ಹೊದಿಕೆಯನ್ನು ಹರಿದು ಹೊರಗೆ ಬಂದಿರುತ್ತದೆ. ಎರಡೂ ಕಡೆ ದಪ್ಪ ರಟ್ಟು ಇರಲಿ.

ಎಷ್ಟು ಬೆಲೆ ಕೇಳಬೇಕು? ಡಿಸ್ಕಾಗ್ಸ್ ಎಂಬ ಅಂತರಜಾಲದ ಪಟ್ಟಿಯಲ್ಲಿ ಒಂದೊಂದು ರೆಕಾರ್ಡಿನ ಒಂದೊಂದು ಮುದ್ರಣವೂ ಪ್ರತ್ಯೇಕವಾಗಿ ದಾಖಲಾಗಿದೆ. ಹಿಂದೆ ಎಷ್ಟಕ್ಕೆ ಮಾರಾಟವಾಯಿತು ಎಂಬುದೂ ಅಲ್ಲಿದೆ. ಗಮನಿಸಿ, ಜನ ಕೇಳುತ್ತಿರುವ ಬೆಲೆ ಬೇರೆ, ನಿಜವಾಗಿ ಮಾರಾಟವಾದ ಬೆಲೆ ಬೇರೆ. ಮಗನ ಕಣ್ಣು ಹೋಗುವುದು ಮೊದಲನೆಯದಕ್ಕೆ. ಕೇಳುವುದಕ್ಕೆ ಯಾರು ಎಷ್ಟು ಬೇಕಾದರೂ ಕೇಳಬಹುದು. ಚೀಟಿಯ ಅಂಚಿಗೂ ಕೊನೆಯ ಹಾಡಿಗೂ ನಡುವಿನ ಖಾಲಿ ಜಾಗದಲ್ಲಿ ಅಕ್ಷರ, ಅಂಕೆಗಳನ್ನು ಕೆತ್ತಿರುತ್ತಾರೆ. ಮೊದಲ ಮುದ್ರಣವೋ ಆಮೇಲಿನದೋ ಎಂದು ಪತ್ತೆ ಹಚ್ಚುವುದು ಅವುಗಳಿಂದ. ಭೂತಕನ್ನಡಿ ಹಿಡಿದು ಓದಿ ಪಟ್ಟಿ ಮಾಡುವ ಈ ಕೆಲಸ ಬೇಸಗೆ ರಜೆಯಲ್ಲಿ ಮಕ್ಕಳಿಗೆ ಹೇಳಿಮಾಡಿಸಿದ್ದು.

ಈ ವ್ಯಾಪಾರದಲ್ಲಿ ಕಷ್ಟದ ಪ್ರಶ್ನೆ ಇರುವುದು ಬೆಲೆಯಲ್ಲಲ್ಲ. ಪಕ್ಕದ ಮನೆಯ ಅಜ್ಜಿ ಇದ್ದಾರೆ. ಯಜಮಾನರು ಹೋದಮೇಲೆ ರೆಕಾರ್ಡುಗಳು ಮಂಚದ ಕೆಳಗೆ ಇವೆ.

“ಅಜ್ಜಿ, ಇವನ್ನ ನಂಗೆ ಕೊಡ್ತೀರಾ?”

“ತಗೊಂಡ್ಹೋಗಪ್ಪ, ಮಂಚದ ಕೆಳಗೆ ಕಸ ಗುಡಿಸೋಕಾದ್ರೂ ಜಾಗ ಆಗ್ಲಿ. ಏನೋ ಒಂದು ಕಾಫಿಪುಡಿಗೆ ಆಗೋಷ್ಟು ಕೊಡು.”

ಹುಡುಗನಿಗೆ ಗೊತ್ತು, ಅದರಲ್ಲಿ ಒಂದು ತಟ್ಟೆಗೇ ಎರಡು ಮೂರು ಸಾವಿರ ಬರುತ್ತದೆ ಎಂದು. ಅವನು ಏನು ಮಾಡಬೇಕು? ಸಂಗ್ರಾಹಕರಲ್ಲಿ ಇದಕ್ಕೆ ಎರಡು ಉತ್ತರಗಳಿವೆ. ತಿಳಿವಳಿಕೆ ಗಳಿಸಲು ವರ್ಷಗಟ್ಟಲೆ ಕಷ್ಟಪಟ್ಟಿದ್ದೇನೆ, ಅದರ ಫಲ ನನ್ನದು ಎನ್ನುವುದು ಒಂದು. ಫುಟ್‌ಪಾತಿನ ವ್ಯಾಪಾರಿಯ ಎದುರು ಈ ಮಾತು ಸರಿ. ಮಾಲಿನ ಬೆಲೆ ತಿಳಿಯುವುದು ಅವನ ಕಸುಬು. ಅವನು ಇನ್ನೂರು ಹೇಳಿದ ತಟ್ಟೆ ಎರಡು ಸಾವಿರದ್ದಾದರೆ ಬಾಯಿಮುಚ್ಚಿಕೊಂಡು ಕೊಟ್ಟು ಬನ್ನಿ, ನಾಳೆ ನಲವತ್ತರದನ್ನು ನಾನೂರಕ್ಕೆ ಅವನು ನಿಮಗೆ ಮಾರುತ್ತಾನೆ, ಅಲ್ಲಿಗೆ ಸರಿಹೋಗುತ್ತದೆ. ಅಜ್ಜಿ ವ್ಯಾಪಾರಿಯಲ್ಲ. ಆಕೆ ನಿಮ್ಮನ್ನು ನಂಬಿ ಮಾತಾಡುತ್ತಿದ್ದಾರೆ. ಅಲ್ಲಿ ಗೊತ್ತಿದ್ದೂ ಹೇಳದಿರುವುದನ್ನು ನಾನು ಜಾಣತನ ಎಂದು ಕರೆಯಲಾರೆ. “ಅಜ್ಜಿ, ಇದೊಂದಕ್ಕೆ ಒಳ್ಳೆ ದುಡ್ಡು ಬರುತ್ತೆ. ನಾನೇ ಮಾರಿಸಿಕೊಡಲಾ?” ಎಂದು ಕೇಳಿ. ಮಿಕ್ಕದ್ದೆಲ್ಲ ನೀನೇ ಇಟ್ಕೋ ಎಂದು ಅವರೇ ಹೇಳುವ ಸಂಭವ ಹೆಚ್ಚು. ಹೇಳದಿದ್ದರೂ ನಷ್ಟವೇನಿಲ್ಲ, ಮುಂದಿನ ಅಟ್ಟದ ಸುದ್ದಿ ನಿಮಗೆ ಬರುವುದು ಅವರ ಬಾಯಿಂದಲೇ.

ಬೆಲೆಯೇ ಇಲ್ಲದ, ಆದರೆ ತಕ್ಕಡಿಗೆ ಖಂಡಿತ ಹೋಗಕೂಡದ ತಟ್ಟೆಗಳೂ ಇವೆ. ಈ ಮಾತು ತಂದೆತಾಯಂದಿರಿಗೆ. ಭಾರತದಲ್ಲಿ ಧ್ವನಿಮುದ್ರಣ ಜೋರಾಗಿ ಶುರುವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ. ಅವರು ಪ್ರತಿ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿಬಿಡುತ್ತಿದ್ದರು. ತಟ್ಟೆ ಅಚ್ಚಾಗಬೇಕಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಇದು ಯಾರ ದನಿ ಎಂದು ತಿಳಿದು ಸರಿಯಾದ ಚೀಟಿ ಅಂಟಿಸಲು ಬೇರೆ ದಾರಿ ಇರಲಿಲ್ಲ. ಒಂದು ಕಾಲಕ್ಕೆ ದೇಶದಲ್ಲೆಲ್ಲ ಹೆಸರಾಗಿದ್ದ ಆಕೆ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ, ಅರಮನೆಯ ಆಶ್ರಯದಲ್ಲಿ. 1930ರ ಜನವರಿಯಲ್ಲಿ ತೀರಿಕೊಂಡದ್ದೂ ಅಲ್ಲಿಯೇ. ಕಂಪೆನಿಗಳು ಮೂಲ ಅಚ್ಚುಗಳನ್ನು ಎಲ್ಲಕ್ಕೂ ಉಳಿಸಿಕೊಳ್ಳಲಿಲ್ಲ. ಎಷ್ಟೋ ಹಾಡುಗಳಿಗೆ ಈಗ ಇರುವ ಸಾಕ್ಷಿ ಯಾರದೋ ಮನೆಯ ಪೆಟ್ಟಿಗೆಯಲ್ಲಿ ಉಳಿದ ಒಂದೆರಡು ಪ್ಲೇಟುಗಳು ಮಾತ್ರ.

ಗಂಗೂಬಾಯಿ ಹಾನಗಲ್ಲರ ಗಂಡುದನಿಯ ಗಾಂಭೀರ್ಯ ಎಲ್ಲರಿಗೂ ಗೊತ್ತು. ಅವರು ಹುಟ್ಟಿದ್ದು ಆ ದನಿಯೊಡನೆ ಅಲ್ಲ. 1930ರ ದಶಕದಲ್ಲಿ ಎಚ್‌ಎಂವಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಅವರ ಪ್ಲೇಟುಗಳನ್ನು ತಂದಿತು. ಅವುಗಳಲ್ಲಿರುವುದು ತೆಳುವಾದ, ಏರಿನ ಹೆಣ್ಣುದನಿ. ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ದನಿ ಬದಲಾಯಿತು. ಆ ಮೊದಲ ದನಿಯನ್ನು ಈಗ ಕೇಳಬೇಕೆಂದರೆ ಅರಗಿನ ಪ್ಲೇಟೇ ಗತಿ. ಮನೆಯಲ್ಲಿ ಸಿಕ್ಕ ಪ್ಲೇಟಿನ ಮೇಲೆ ‘ಗಾಂಧಾರಿ’ ಎಂದಿದ್ದರೆ, ಯಾರೋ ಹೆಸರು ಕೇಳದ ಹಾಡುಗಾರ್ತಿ ಎಂದು ಅದನ್ನು ಮೂಲೆಗೆಸೆಯಬಾರದು ಎಂದು ಎಷ್ಟು ಮನೆಯವರಿಗೆ ಗೊತ್ತು? ಮಲ್ಲಿಕಾರ್ಜುನ ಮನ್ಸೂರರ ಎಳೆಯ ವಯಸ್ಸಿನ ಹಾಡು, ಬೆಂಗಳೂರು ನಾಗರತ್ನಮ್ಮನವರ ದನಿ, ಇವೆಲ್ಲ ಇಂಥ ಪ್ಲೇಟುಗಳಲ್ಲೇ ಉಳಿದಿವೆ. ಕಂಪೆನಿ ನಾಟಕಗಳ ರಂಗಗೀತೆಗಳು, ಹರಿಕಥೆ, ಹೆಸರೇ ಅಳಿಸಿಹೋದ ಊರಿನ ಹಾಡುಗಾರರು, ಇವಕ್ಕೆ ಸಂತೆಯಲ್ಲಿ ಐವತ್ತು ರೂಪಾಯಿಯೂ ಬರಲಿಕ್ಕಿಲ್ಲ. ಬೇಕೆನ್ನುವವರು ಕಡಿಮೆ. ಅಂಥದ್ದು ಸಿಕ್ಕರೆ ಚೀಟಿಯ ಮೇಲಿನ ಹೆಸರು, ರಾಗ, ಅಂಕೆಗಳನ್ನು ಬರೆದುಕೊಂಡು, ಫೋಟೊ ತೆಗೆದು, ಹಳೆಯ ಧ್ವನಿಮುದ್ರಣಗಳನ್ನು ಡಿಜಿಟಲ್ ರೂಪಕ್ಕೆ ತಂದು ಕಾಪಾಡುತ್ತಿರುವ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್‌ನಂಥ ಸಂಸ್ಥೆಗಳಿಗೆ ಒಂದು ಮಾತು ತಿಳಿಸುವುದು ಒಳ್ಳೆಯದು. ತಟ್ಟೆ ನಿಮ್ಮಲ್ಲೇ ಇರಲಿ, ಹಾಡು ಉಳಿದರೆ ಆಯಿತು.

ಅಂದ ಹಾಗೆ, ತಟ್ಟೆ ಕೊಂಡರೆ ತಟ್ಟೆ ನಿಮ್ಮದಾಗುತ್ತದೆ, ಹಾಡು ಆಗುವುದಿಲ್ಲ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಸಾಹಿತ್ಯ, ಸಂಗೀತ ಬರೆದವರ ಹಕ್ಕು ಬೇರೆ, ಅದು ಅವರ ಕಾಲಾನಂತರವೂ 60 ವರ್ಷ. ಹಾಗಾಗಿ 1980ರ ಸಿನಿಮಾ ಹಾಡಿನ ಇಪಿ ಕೊಂಡು ತಂದು ಊರಿಗೆಲ್ಲ ಹಂಚಲು ಹೊರಡಬೇಡಿ.

ಯಂತ್ರದ ವಿಷಯ ಚುಟುಕಾಗಿ ಹೇಳುತ್ತೇನೆ. ಹಿತ್ತಾಳೆಯ ಕಹಳೆ, ನಾಯಿಯ ಚಿತ್ರ ಇರುವ ‘ಪುರಾತನ’ ಗ್ರಾಮಫೋನುಗಳು ಹಳೆಯ ಮಾಲಿನ ಪೇಟೆಗಳಲ್ಲಿ ರಾಶಿ ಬಿದ್ದಿವೆ. ಅವುಗಳಲ್ಲಿ ಬಹುಪಾಲು ಈಚೆಗೆ ಜೋಡಿಸಿದವು. ಷೋಕೇಸಿಗೆ ಆದೀತು, ಹಾಡಿಗಲ್ಲ. ಅದರ ಉಕ್ಕಿನ ಮುಳ್ಳಿನ ಕೆಳಗೆ ಎಲ್‌ಪಿ ಇಟ್ಟರೆ ಒಂದೇ ಸಲಕ್ಕೆ ಎಲ್‌ಪಿಯ ಕತೆ ಮುಗಿಯುತ್ತದೆ. ಎಲ್‌ಪಿಯ ಮುಳ್ಳಿನಿಂದ 78ರ ಪ್ಲೇಟನ್ನೂ ನುಡಿಸಬಾರದು, ಅದರ ಗೆರೆ ಸುಮಾರು ಮೂರು ಪಟ್ಟು ಅಗಲ. ಸೂಟ್‌ಕೇಸಿನಂಥ ಅಗ್ಗದ ಪ್ಲೇಯರುಗಳಲ್ಲಿ ಮುಳ್ಳಿನ ಭಾರ ಐದು ಗ್ರಾಂ ಮುಟ್ಟುತ್ತದೆ. ಇರಬೇಕಾದದ್ದು ಹೆಚ್ಚುಕಡಿಮೆ ಎರಡು ಗ್ರಾಂ. ತೊಳೆಯುವುದಕ್ಕೆ ಎಲ್‌ಪಿಗೆ ಶುದ್ಧ ನೀರು, ಒಂದು ಹನಿ ಸೌಮ್ಯ ಸೋಪು, ಮೆತ್ತನೆಯ ಬಟ್ಟೆ ಸಾಕು. ನಡುವಿನ ಚೀಟಿ ನೆನೆಯಬಾರದು. ಅರಗಿನ ಪ್ಲೇಟಿಗೆ ಮಾತ್ರ ಸ್ಪಿರಿಟ್ ಎಂದೂ ಸೋಕಿಸಬೇಡಿ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಧೂಳಿನ ಜತೆಗೆ ಹಾಡೂ ಬಟ್ಟೆಗೆ ಬರುತ್ತದೆ.

“ಓದುವ ವಯಸ್ಸಿನಲ್ಲಿ ಈ ಹುಚ್ಚು ಯಾಕೆ?” ಎಂದು ಕೇಳುವ ಪೋಷಕರಿಗೆ ನನ್ನಲ್ಲಿ ಧೈರ್ಯದ ಉತ್ತರವಿಲ್ಲ. ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ಪ್ಲೇಟನ್ನು ಕೇಳಿದ ಗದಗಿನ ಹುಡುಗನೊಬ್ಬ ಹಾಗೆ ಹಾಡುವುದನ್ನು ಕಲಿಯಲೇಬೇಕೆಂದು 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಮನೆ ಬಿಟ್ಟು ಓಡಿಹೋದ. ಅವನು ಭೀಮಸೇನ ಜೋಶಿ ಆದದ್ದು ನಮಗೆ ಗೊತ್ತು, ಆಗ ಅವನ ತಂದೆಗೆ ಗೊತ್ತಿರಲಿಲ್ಲವಲ್ಲ! ನಿಮ್ಮ ಮಗ ಅಥವಾ ಮಗಳು ಭಾನುವಾರದ ಸಂತೆಗೆ ಹೋಗಿ ಬಂದರೆ ಅಷ್ಟು ದೂರದ ಅಪಾಯವೇನಿಲ್ಲ. ತಿಂಗಳಿಗೆ ಇಷ್ಟು ಎಂದು ಗೊತ್ತುಪಡಿಸಿ. ಒಂದು ನೋಟ್‌ಬುಕ್ಕಿನಲ್ಲಿ ಕೊಂಡದ್ದು, ಕೊಟ್ಟದ್ದು, ಮಾರಿದ್ದು, ಬಂದದ್ದು ಬರೆಯಲಿ. ಹೊಸದೊಂದು ತರಬೇಕಿದ್ದರೆ ಇರುವುದೊಂದನ್ನು ಮಾರಲಿ. ಆಗ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂಬ ಯೋಚನೆ ತಾನಾಗಿ ಶುರುವಾಗುತ್ತದೆ.

ಆ ಪೆಟ್ಟಿಗೆಯನ್ನು ಮಾರುವಿರೋ ಇಟ್ಟುಕೊಳ್ಳುವಿರೋ ಆಮೇಲೆ ತೀರ್ಮಾನಿಸಿ. ಮೊದಲು ಅಟ್ಟದಿಂದ ಕೆಳಗಿಳಿಸಿ. ಯುಗಾದಿ ಕಳೆಯುವಷ್ಟರಲ್ಲಿ ಹಂಚಿನ ಕೆಳಗೆ ಸೆಕೆ ಏರುತ್ತದೆ, ಮಲೆನಾಡಿನವರಾದರೆ ಆಷಾಢದಲ್ಲಿ ಹೊದಿಕೆಗೆ ಬೂಷ್ಟು ಹಿಡಿಯುತ್ತದೆ. ಒಂದರ ಮೇಲೊಂದು ಪೇರಿಸದೆ, ಪುಸ್ತಕಗಳಂತೆ ನೇರವಾಗಿ ನಿಲ್ಲಿಸಿ, ಗೋಡೆಗೆ ತಾಗದಂತೆ, ಗಾಳಿಯಾಡುವ ಕಡೆ ಇಡಿ. ಒಡೆದ ಪ್ಲೇಟಿನ ಚೂರುಗಳಿದ್ದರೂ ಒಂದು ಲಕೋಟೆಯಲ್ಲಿ ಹಾಕಿಡಿ. ಚೀಟಿಯ ಮೇಲಿನ ಹೆಸರನ್ನಾದರೂ ಓದಬಹುದು.